ತಿರುವಿನಲ್ಲಿ ಮಾತ್ರ ಬರುವ ಸದ್ದು: ಬ್ರೇಕಾ, ಬೇರಿಂಗಾ, ಆಕ್ಸಲಾ?

ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೊರಟಿದ್ದೆ. ಮೊದಲ ಸಲ ಕೇಳಿಸಿದ್ದು ಆಗ. ಎಡಕ್ಕೆ ತಿರುಗಿಸಿದಾಗ ಮಾತ್ರ ಸರ್... ಸರ್... ಸರ್... ಚಕ್ರ ಒಂದು ಸುತ್ತು ಬಂದರೆ ಸದ್ದು ಒಂದು ಸಲ. ಸ್ಟೀರಿಂಗ್ ನೇರವಾದರೆ ಮಾಯ. ಬಲಕ್ಕೆ ತಿರುಗಿಸಿದರೆ ಏನೂ ಇಲ್ಲ. ಬ್ರೇಕ್ ಪೆಡಲ್ ಮೇಲೆ ಕಾಲು ಹಗುರವಾಗಿ ಇಟ್ಟರೂ ಸಾಕು, ಸದ್ದು ನಿಂತೇಬಿಡುತ್ತಿತ್ತು.

ಬ್ರೇಕ್ ಒತ್ತಿದರೆ ನಿಲ್ಲುತ್ತದೆ ಅಂದರೆ ಬ್ರೇಕಿನದೇ ದೋಷ, ಅಲ್ವಾ? ನಾನೂ ಹಾಗೇ ಅಂದುಕೊಂಡೆ. ಶಿವಮೊಗ್ಗದ ಒಂದು ಗ್ಯಾರೇಜಿನಲ್ಲೂ ಅದನ್ನೇ ಹೇಳಿದರು. ಬ್ರೇಕ್ ಪ್ಯಾಡ್ ಬದಲಾಯಿತು. ನಾಲ್ಕು ದಿನ ಇಲ್ಲ ಅನಿಸಿತು, ಮತ್ತೆ ಶುರು. ಪ್ಯಾಡುಗಳು ಒತ್ತಿ ಹಿಡಿಯುವ, ಚಕ್ರದ ಜೊತೆ ತಿರುಗುವ ತಟ್ಟೆ, ಅಂದರೆ ಡಿಸ್ಕ್, ಎರಡೂ ಕಡೆಯದು ಬದಲಾಯಿತು. ಮತ್ತೆ ಅದೇ ಸರ್ ಸರ್. ಸಾವಿರಾರು ರೂಪಾಯಿ ಹೋದ ಮೇಲೆ ಗೊತ್ತಾಯಿತು, ಬ್ರೇಕಿನಲ್ಲಿ ಏನೂ ಆಗಿರಲಿಲ್ಲ. ಕೆಟ್ಟಿದ್ದು ಬಲ ಮುಂದಿನ ಚಕ್ರದ ಬೇರಿಂಗ್, ಅಂದರೆ ಚಕ್ರ ಸಲೀಸಾಗಿ ತಿರುಗಲು ಇರುವ, ಒಳಗೆ ಗುಂಡುಗಳು ಓಡುವ ಬಳೆ.

ಮಲೆನಾಡಿನ ನಮಗೆ ನೇರ ರಸ್ತೆ ಸಿಗುವುದೇ ಕಡಿಮೆ. ದಿನಾ ತಿರುವು, ದಿನಾ ಏರು ಇಳಿಜಾರು, ತೋಟದ ಮಣ್ಣು ದಾರಿ, ಆರು ತಿಂಗಳು ಮಳೆ. ತಿರುವಿನ ಸದ್ದು ಇಲ್ಲಿ ಎಲ್ಲರ ಗಾಡಿಯಲ್ಲೂ ಒಂದಲ್ಲ ಒಂದು ದಿನ ಬರುತ್ತದೆ. ಸದ್ದಿನ ಹೆಸರು ಹೇಳಿ ಪಾರ್ಟ್ ಕೊಳ್ಳುವ ಮೊದಲು ಕೈಯಿಂದ ಮುಟ್ಟಿ ಖಾತ್ರಿ ಮಾಡಿಕೊಳ್ಳುವುದು ಹೇಗೆ ಅಂತ ಇಲ್ಲಿ ಬರೆದಿದ್ದೇನೆ. ಬಹುಪಾಲು ಮುಂದಿನ ಚಕ್ರಕ್ಕೆ ಎಂಜಿನ್ ಶಕ್ತಿ ಹೋಗುವ ಸಣ್ಣ ಕಾರುಗಳ ಮಾತು. ಜೀಪಿನವರಿಗೆ ಕೊನೆಯಲ್ಲಿ ಬೇರೆ ಮಾತಿದೆ.

ಮೊದಲು, ಓಡಿಸಲೇಬಾರದ ಸ್ಥಿತಿಗಳು

ಪೆಡಲ್ ಮೆತ್ತಗಾಗಿ ಕೆಳಗೆ ಇಳಿಯುತ್ತಿದ್ದರೆ, ಬ್ರೇಕ್ ಹಾಕಿದಾಗ ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಗರ್ ಸದ್ದು ಬಂದರೆ, ಸ್ಟೀರಿಂಗ್ ಅಲ್ಲಾಡುತ್ತಿದ್ದರೆ, ಚಕ್ರದ ಹತ್ತಿರ ಸುಟ್ಟ ವಾಸನೆ ಬಂದರೆ ಗಾಡಿ ಅಲ್ಲೇ ನಿಲ್ಲಿಸಿ. ಘಾಟಿ ಇಳಿಯುವ ಮಾತೇ ಬೇಡ. ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲಿ ಬ್ರೇಕನ್ನು ಪರೀಕ್ಷೆ ಮಾಡುತ್ತಾ ಇಳಿಯುವುದು ಯಾರಿಗೂ ಒಳ್ಳೆಯದಲ್ಲ.

ಇನ್ನೊಂದು, ಈಚೆಗೆ ಪಂಕ್ಚರ್ ಹಾಕಿಸಿದ್ದೀರಾ? ಚಕ್ರ ಬಿಚ್ಚಿ ಹಾಕಿದ ಮೇಲೆ ಸದ್ದು ಶುರುವಾಗಿದ್ದರೆ ಬೇರೆ ಏನನ್ನೂ ಯೋಚಿಸುವ ಮೊದಲು ವೀಲ್ ಸ್ಪ್ಯಾನರ್ ತೆಗೆದು ನಟ್ ನೋಡಿ. ಸಡಿಲ ನಟ್ಟಿನ ಸದ್ದು ತಿರುವಿನಲ್ಲೇ ಮೊದಲು ಕೇಳಿಸುವುದು. ಟಕ್ ಟಕ್ ಅಂತ ಶುರುವಾಗಿ ಕೊನೆಗೆ ಚಕ್ರವೇ ಕಳಚಿಹೋಗಬಹುದು. ಐದು ನಿಮಿಷದ ಕೆಲಸ, ಅದನ್ನು ಮುಂದೂಡಬೇಡಿ.

ಜಾಕಿ ಬಗ್ಗೆ ಒಂದು ಮಾತು. ನಮ್ಮ ಕಡೆ ಅಂಗಳ ಸಮ ಇರುವುದಿಲ್ಲ, ಮಳೆ ಬಂದರೆ ಮಣ್ಣು ಮೆತ್ತಗಾಗುತ್ತದೆ. ಜಾಕಿ ಕೆಳಗೆ ದಪ್ಪ ಹಲಗೆ ಇಡಿ. ಎತ್ತದ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿ. ಎತ್ತಿದ ಗಾಡಿಗೆ ಸ್ಟ್ಯಾಂಡ್ ಕೊಟ್ಟೇ ಕೈ ಹಾಕಿ. ಸ್ಟ್ಯಾಂಡ್ ಇಲ್ಲದಿದ್ದರೆ ಗ್ಯಾರೇಜಿನಲ್ಲೇ ಎತ್ತಿಸಿ ನೋಡಿ. ಜಾಕಿಯೊಂದನ್ನೇ ನಂಬಿ ಗಾಡಿ ಅಡಿ ತಲೆ ಹಾಕಬೇಡಿ.

ಸದ್ದು ಯಾವಾಗ ಬರುತ್ತದೆ?

ಎಂಥ ಸದ್ದು ಅನ್ನುವುದಕ್ಕಿಂತ ಯಾವಾಗ ಬರುತ್ತದೆ ಅನ್ನುವುದು ಮುಖ್ಯ. "ಕಿರ್ ಅಂತದೆ" ಅಂದರೆ ಮೆಕ್ಯಾನಿಕ್ ಹತ್ತು ಕಾರಣ ಹೇಳಬಲ್ಲ. "20ರ ವೇಗದಲ್ಲಿ, ಎಡಕ್ಕೆ ಅರ್ಧ ತಿರುಗಿಸಿದಾಗ, ಆಕ್ಸಿಲರೇಟರ್ ಬಿಟ್ಟರೂ ಬರುತ್ತದೆ, ಬ್ರೇಕ್ ಮುಟ್ಟಿದರೆ ನಿಲ್ಲುತ್ತದೆ" ಅಂದರೆ ಕಾರಣ ಎರಡೋ ಮೂರೋ ಉಳಿಯುತ್ತವೆ.

ಇದಕ್ಕೆ ಅಗಲವಾದ ಖಾಲಿ ಜಾಗ ಬೇಕು. ರಜೆ ದಿನ ಶಾಲೆ ಮೈದಾನ, ಅಡಿಕೆ ಒಣಗಿಸುವ ದೊಡ್ಡ ಕಣ, ಯಾವುದಾದರೂ ಆದೀತು. ಮಕ್ಕಳು, ನಾಯಿ, ದನ ಇಲ್ಲ ಅಂತ ನೋಡಿಕೊಳ್ಳಿ. ರೇಡಿಯೋ, ಎಸಿ ಆಫ್ ಮಾಡಿ. ಡಿಕ್ಕಿ ಖಾಲಿ ಮಾಡಿ. ಜಾಕಿ, ವೀಲ್ ಸ್ಪ್ಯಾನರ್, ಕತ್ತಿ, ಖಾಲಿ ಕ್ಯಾನು, ಇವು ತಿರುವಿನಲ್ಲಿ ಆಚೀಚೆ ಜಾರಿ ಎಷ್ಟೋ ಜನರನ್ನು ಗ್ಯಾರೇಜಿಗೆ ಓಡಿಸಿವೆ.

ಮೊದಲು ನಡಿಗೆ ವೇಗದಲ್ಲಿ ಎಡಕ್ಕೆ ಪೂರ್ತಿ ತಿರುಗಿಸಿ ಎರಡು ಸುತ್ತು ಹಾಕಿ. ಆಮೇಲೆ ಬಲಕ್ಕೆ. ಅದೇ ಸುತ್ತಿನಲ್ಲಿ ಸ್ವಲ್ಪ ಆಕ್ಸಿಲರೇಟರ್ ಕೊಡಿ, ಆಮೇಲೆ ಕ್ಲಚ್ ಒತ್ತಿ ಗಾಡಿ ತಾನೇ ಉರುಳಲು ಬಿಡಿ. ಮತ್ತೆ ಒಂದು ಸುತ್ತು, ಈ ಸಲ ಬ್ರೇಕನ್ನು ತೀರಾ ಹಗುರವಾಗಿ ಒತ್ತಿ ಹಿಡಿದು. ಕೊನೆಗೆ ನಿಂತಲ್ಲೇ ಸ್ಟೀರಿಂಗ್ ಆಚೀಚೆ ತಿರುಗಿಸಿ. ಪ್ರತಿ ಸಲ ಒಂದನ್ನೇ ಬದಲಿಸಿ. ವೇಗವನ್ನೂ ತಿರುವನ್ನೂ ಬ್ರೇಕನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸದ್ದು ಹೋಯಿತು ಅಂತ ಗೊತ್ತಾಗುವುದಿಲ್ಲ. ಜೊತೆಗೆ ಯಾರಾದರೂ ಇದ್ದರೆ ಹೊರಗೆ ದೂರದಲ್ಲಿ ನಿಂತು ಕೇಳಲಿ. ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಅದೇ ಚೀಟಿ ಮೆಕ್ಯಾನಿಕ್ ಕೈಗೆ ಕೊಟ್ಟರೆ ಅರ್ಧ ಕೆಲಸ ಆದಂತೆ.

ಅದರಿಂದ ಸಿಗುವ ಸುಳಿವು ಹೀಗೆ. ಆಕ್ಸಿಲರೇಟರ್ ಕೊಟ್ಟಾಗ ಮಾತ್ರ ಬಂದರೆ ಆಕ್ಸಲ್, ಅಂದರೆ ಎಂಜಿನ್ ಶಕ್ತಿಯನ್ನು ಚಕ್ರಕ್ಕೆ ಒಯ್ಯುವ ಸರಳಿನ ಕಡೆ ನೋಡಿ. ಉರುಳುವಾಗಲೂ ಬಂದರೆ ಚಕ್ರ, ಬೇರಿಂಗ್, ಬ್ರೇಕ್. ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದರೂ ಬಂದರೆ ಅದು ಉರುಳುವ ಭಾಗದ್ದಲ್ಲ, ಸ್ಟೀರಿಂಗ್ ಅಥವಾ ಶಾಕ್ ಅಬ್ಸಾರ್ಬರ್ ಮೇಲ್ತುದಿಯದ್ದು. ಚಕ್ರದ ಸುತ್ತಿಗೆ ತಾಳ ಹಾಕಿದ ಹಾಗೆ ಬಂದರೆ ಚಕ್ರದ ಜೊತೆ ತಿರುಗುವ ಯಾವುದೋ ಒಂದು ಕಡೆ ತಾಗುತ್ತಿದೆ.

ಘಾಟಿಯಲ್ಲಿ ಕಿವಿ ಮೋಸ ಮಾಡುತ್ತದೆ, ಇದನ್ನು ನೆನಪಿಡಿ. ಒಂದು ಕಡೆ ದರೆ (ಗುಡ್ಡ ಕಡಿದ ಗೋಡೆ), ಇನ್ನೊಂದು ಕಡೆ ಕಣಿವೆ. ದರೆ ಪಕ್ಕದಲ್ಲಿದ್ದಾಗ ಸದ್ದು ಅದಕ್ಕೆ ಬಡಿದು ವಾಪಸ್ ಬರುತ್ತದೆ, ಜೋರಾಗಿ ಕೇಳುತ್ತದೆ. ಕಣಿವೆ ಪಕ್ಕದಲ್ಲಿದ್ದಾಗ ಸದ್ದು ಬಯಲಿಗೆ ಹೋಗಿಬಿಡುತ್ತದೆ. ಹಾಗಾಗಿ "ಒಂದು ಕಡೆ ತಿರುಗಿದಾಗ ಮಾತ್ರ ಬರ್ತದೆ" ಅನಿಸುವುದು ಕೆಲವು ಸಲ ದರೆಯ ಆಟ. ಬಯಲಿನಲ್ಲಿ ಸುತ್ತು ಹಾಕಿ ನೋಡುವುದು ಇದಕ್ಕೇ. ಮತ್ತೆ ಡ್ರೈವರ್ ಕೂರುವುದು ಬಲಗಡೆ, ಬಲ ಮುಂದಿನ ಚಕ್ರ ಕಾಲ ಬುಡದಲ್ಲೇ ಇದೆ. ಎಡಗಡೆಯ ಸದ್ದು ಅಷ್ಟು ಬೇಗ ಕಿವಿಗೆ ಬೀಳುವುದಿಲ್ಲ. ಪಕ್ಕದ ಸೀಟಿನಲ್ಲಿ ಕೂತು ಬೇರೆಯವರಿಗೆ ಓಡಿಸಲು ಕೊಟ್ಟರೆ ಬೇರೆಯೇ ಚಿತ್ರ ಸಿಗುತ್ತದೆ.

ಕಲ್ಲು, ಮಣ್ಣು, ಅಡಿಕೆ ಹಾಳೆ

ಡಿಸ್ಕಿನ ಹಿಂದೆ ತೆಳ್ಳಗಿನ ಒಂದು ತಗಡು ಇರುತ್ತದೆ. ನೀರು, ಕೆಸರು ಡಿಸ್ಕಿಗೆ ಹಾರದ ಹಾಗೆ ತಡೆಯುವುದು ಅದರ ಕೆಲಸ. ಡಿಸ್ಕಿಗೂ ತಗಡಿಗೂ ನಡುವೆ ಇರುವುದು ಕೆಲವೇ ಮಿಲಿಮೀಟರ್ ಜಾಗ. ತೋಟದ ದಾರಿಯ ಜಲ್ಲಿಕಲ್ಲು ಒಂದು ಅಲ್ಲಿ ಸಿಕ್ಕಿಕೊಂಡರೆ ಬರುವ ಕಿರುಚಾಟ ಕೇಳಿದವರು ಗಾಡಿಯೇ ಮುಗಿಯಿತು ಅಂದುಕೊಳ್ಳುತ್ತಾರೆ. ಅಷ್ಟು ಭಯಂಕರ. ಆದರೆ ದೋಷಗಳಲ್ಲೆಲ್ಲ ಅಗ್ಗದ್ದು ಇದೇ.

ನಮ್ಮ ಭಾವನ ಕಾರಿಗೆ ಹೀಗೇ ಆಗಿತ್ತು. ಹೊಸನಗರದ ಹತ್ತಿರದ ತೋಟದಿಂದ ಬರುವಾಗ ಶುರುವಾದ ಸದ್ದು, ಊರು ಮುಟ್ಟುವ ಹೊತ್ತಿಗೆ ರಸ್ತೆಯಲ್ಲಿ ಹೋಗುವವರೆಲ್ಲ ತಿರುಗಿ ನೋಡುವಷ್ಟಾಗಿತ್ತು. "ಭಾವ, ಸ್ವಲ್ಪ ರಿವರ್ಸ್ ಹೋಗಿ, ಸ್ಟೀರಿಂಗ್ ಆಚೀಚೆ ತಿರುಗಿಸಿ" ಅಂದೆ. ಹತ್ತಡಿ ಹಿಂದೆ ಹೋಗಿದ್ದೇ ತಡ, ಕಡಲೆ ಗಾತ್ರದ ಕಲ್ಲು ಟಣ್ ಅಂತ ನೆಲಕ್ಕೆ ಬಿತ್ತು. ಸದ್ದು ಅಲ್ಲಿಗೇ ಮುಗಿಯಿತು.

ರಿವರ್ಸಿಗೆ ಬೀಳದಿದ್ದರೆ ಚಕ್ರ ಬಿಚ್ಚಿ. ತಗಡಿನ ಅಂಚು ಡಿಸ್ಕಿಗೆ ತಾಗುತ್ತಿದ್ದರೆ ಅಲ್ಲಿ ಹೊಸದಾಗಿ ಹೊಳೆಯುವ ಗೆರೆ ಕಾಣುತ್ತದೆ. ಬೆರಳಿನಿಂದಲೋ ಮರದ ತುಂಡಿನಿಂದಲೋ ಮೆಲ್ಲಗೆ ಹಿಂದಕ್ಕೆ ಬಗ್ಗಿಸಿದರೆ ಸಾಕು. ತಗಡು ತುಕ್ಕು ಹಿಡಿದು ಬೋಲ್ಟಿನ ಬುಡದಲ್ಲೇ ಕಿತ್ತು ಅಲ್ಲಾಡುತ್ತಿದ್ದರೆ ಬದಲಾಯಿಸಬೇಕು. ಕೆಲವರು ಕಿತ್ತು ಬಿಸಾಡಿ ಅನ್ನುತ್ತಾರೆ. ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಸುರಿಯುವ ಆಗುಂಬೆ ಸೀಮೆಯಲ್ಲಿ ಓಡಾಡುವ ಗಾಡಿಗೆ ಆ ತಗಡು ಬೇಕೇ ಬೇಕು ಅಂತ ನನ್ನ ಅಭಿಪ್ರಾಯ.

ಕೆಂಪು ಮಣ್ಣು ರಿಮ್ಮಿನ ಒಳಗೆ ಅಂಟಿ ಒಣಗಿದರೆ ಗಟ್ಟಿ ಇಟ್ಟಿಗೆಯಂತಾಗುತ್ತದೆ. ಸದ್ದಿಗಿಂತ ನಡುಕ ಜಾಸ್ತಿ. ಒಂದು ಬಕೆಟ್ ನೀರು, ಒಂದು ಕಡ್ಡಿ, ಅಷ್ಟೇ. ಅಡಿಕೆ ಹಾಳೆಯದು ಇನ್ನೊಂದು ಕಥೆ. ದಾರಿಯಲ್ಲಿ ಬಿದ್ದ ಒಣ ಹಾಳೆ ಮೇಲೆ ಗಾಡಿ ಹತ್ತಿದಾಗ ಅದು ಎದ್ದು ಮಡ್‌ಗಾರ್ಡಿನ ಒಳಗೆ ಸಿಕ್ಕಿಕೊಳ್ಳುತ್ತದೆ. ನೇರ ಹೋಗುವಾಗ ಟೈರಿಗೆ ತಾಗುವುದಿಲ್ಲ, ತಿರುಗಿಸಿದಾಗ ಬರ್ ಅಂತ ಉಜ್ಜುತ್ತದೆ. ಕ್ಲಿಪ್ ಕಳಚಿ ಜೋತುಬಿದ್ದ, ಮಡ್‌ಗಾರ್ಡಿನ ಒಳಗಿನ ಪ್ಲಾಸ್ಟಿಕ್ ಹೊದಿಕೆ ಕೂಡ ಇದೇ ಸದ್ದು ಮಾಡುತ್ತದೆ. ಸ್ಟೀರಿಂಗ್ ಪೂರ್ತಿ ಒಂದು ಕಡೆ ತಿರುಗಿಸಿ, ಎಂಜಿನ್ ಆಫ್ ಮಾಡಿ, ಟಾರ್ಚ್ ಹಿಡಿದು ಚಕ್ರದ ಹಿಂದೆ ನೋಡಿ. ಟೈರಿನ ಭುಜದಲ್ಲಿ ಉಜ್ಜಿದ ಗುರುತು ಇದ್ದೇ ಇರುತ್ತದೆ.

ಟೈರಿನ ಗೆರೆಯಲ್ಲಿ ಸಿಕ್ಕಿದ ಕಲ್ಲು, ಸಡಿಲವಾದ ವೀಲ್ ಕ್ಯಾಪ್, ಇವೂ ಟಿಕ್ ಟಿಕ್ ಅನ್ನುತ್ತವೆ. ವೀಲ್ ಕ್ಯಾಪ್ ನಾಲ್ಕನ್ನೂ ಕಿತ್ತು ಒಂದು ದಿನ ಓಡಿಸಿ ನೋಡಿ.

ಬ್ರೇಕಿನದೇ ಆದರೆ

ಮಳೆಗಾಲದ ಬೆಳಗ್ಗೆ ಗಾಡಿ ತೆಗೆದ ಕೂಡಲೇ ಬರುವ ಕರಕರ ಸದ್ದಿಗೆ ಹೆದರಬೇಡಿ. ರಾತ್ರಿ ನೆನೆದ ಡಿಸ್ಕಿನ ಮೇಲೆ ಕಿತ್ತಳೆ ಬಣ್ಣದ ತುಕ್ಕಿನ ಪದರ ಕೂತಿರುತ್ತದೆ. ನಾಲ್ಕೈದು ಸಲ ಬ್ರೇಕ್ ಹಾಕಿದರೆ ಅಳಿಸಿಹೋಗುತ್ತದೆ. ಹ್ಯಾಂಡ್ ಬ್ರೇಕ್ ಎಳೆದಿಟ್ಟ ಗಾಡಿಯ ಹಿಂದಿನ ಬ್ರೇಕ್ ಲೈನರ್ ತೇವಕ್ಕೆ ಡ್ರಮ್ಮಿಗೆ ಅಂಟಿಕೊಂಡು ಹೊರಡುವಾಗ ಟಕ್ ಅಂತ ಬಿಡುವುದೂ ಮಾಮೂಲಿ. ಮನೆ ಅಂಗಳ ಸಮ ಇದ್ದರೆ ಮಳೆಗಾಲದಲ್ಲಿ ಹ್ಯಾಂಡ್ ಬ್ರೇಕ್ ಎಳೆಯದೆ ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡುವುದು ನಮ್ಮ ಮನೆಯ ರೂಢಿ.

ಹತ್ತು ಕಿಲೋಮೀಟರ್ ಆದರೂ ಹೋಗದ ಸದ್ದು ಬೇರೆ. ಚಕ್ರ ಬಿಚ್ಚಿ ಪ್ಯಾಡ್ ನೋಡಿ. ಉಜ್ಜುವ ಭಾಗ 3 ಮಿಲಿಮೀಟರಿಗೆ ಬಂದಿದ್ದರೆ ಬದಲಾಯಿಸುವ ಹೊತ್ತು. ಎಷ್ಟೋ ಪ್ಯಾಡುಗಳಲ್ಲಿ ಒಂದು ಸಣ್ಣ ಕಬ್ಬಿಣದ ನಾಲಿಗೆ ಇರುತ್ತದೆ. ಪ್ಯಾಡ್ ಸವೆದಾಗ ಅದು ಡಿಸ್ಕಿಗೆ ತಾಗಿ ಕೀಚ್ ಅನ್ನುತ್ತದೆ. ಅದು ದೋಷ ಅಲ್ಲ, ಕರೆಗಂಟೆ.

ಒಳಗಿನ ಪ್ಯಾಡ್, ಹೊರಗಿನ ಪ್ಯಾಡ್ ಎರಡನ್ನೂ ನೋಡಬೇಕು. ಹೊರಗಿನದು ದಪ್ಪ ಇದೆ ಅಂತ ಚಕ್ರ ವಾಪಸ್ ಹಾಕಿಬಿಡುವವರು ಬಹಳ ಜನ. ಒಂದು ದಪ್ಪ, ಒಂದು ತೆಳ್ಳಗೆ ಇದ್ದರೆ ಕ್ಯಾಲಿಪರ್ (ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಭಾಗ) ಜಾರುವ ಪಿನ್ ಹಿಡಿದುಕೊಂಡಿದೆ, ಇಲ್ಲವೇ ಪ್ಯಾಡನ್ನು ತಳ್ಳುವ ಪಿಸ್ಟನ್ ವಾಪಸ್ ಸರಿಯುತ್ತಿಲ್ಲ ಅಂತ ಅರ್ಥ. ಕೆಸರು, ನೀರಿನಲ್ಲಿ ಓಡುವ ಗಾಡಿಗಳಲ್ಲಿ ಇದು ಜಾಸ್ತಿ. ಪಿನ್ನಿನ ರಬ್ಬರ್ ಬೂಟ್ ಸಣ್ಣಗೆ ಹರಿದರೂ ಒಳಗೆ ನೀರು ಇಳಿದು ತುಕ್ಕು ಹಿಡಿಯುತ್ತದೆ. ಬಿಚ್ಚಿ, ಒರೆಸಿ, ಬ್ರೇಕಿಗಂತಲೇ ಸಿಗುವ ಸಿಲಿಕಾನ್ ಗ್ರೀಸ್ ಹಚ್ಚಿ. ಮಾಮೂಲಿ ಗ್ರೀಸ್ ಆ ರಬ್ಬರನ್ನು ಉಬ್ಬಿಸುತ್ತದೆ, ಪಿನ್ ಮತ್ತಷ್ಟು ಬಿಗಿಯುತ್ತದೆ. ಪ್ಯಾಡಿಗೆ, ಡಿಸ್ಕಿಗೆ ಯಾವ ಎಣ್ಣೆಯನ್ನೂ ಸಿಂಪಡಿಸಬೇಡಿ. ಸದ್ದು ನಿಲ್ಲಬಹುದು, ಗಾಡಿ ನಿಲ್ಲುವುದಿಲ್ಲ.

ಹಿಡಿದುಕೊಂಡ ಬ್ರೇಕನ್ನು ಬಿಚ್ಚದೆಯೇ ಪತ್ತೆ ಮಾಡಬಹುದು. ಸಮ ರಸ್ತೆಯಲ್ಲಿ ಹತ್ತು ಕಿಲೋಮೀಟರ್, ಆದಷ್ಟು ಬ್ರೇಕ್ ಹಾಕದೆ ಓಡಿಸಿ ನಿಲ್ಲಿಸಿ. ಅಂಗೈಯನ್ನು ರಿಮ್ಮಿನ ಹತ್ತಿರ ಹಿಡಿಯಿರಿ, ಮುಟ್ಟಬೇಡಿ. ಮುಂದಿನ ಎರಡು ಒಂದೇ ಸಮ ಬೆಚ್ಚಗಿರಬೇಕು. ಒಂದು ಮಾತ್ರ ಕಾವಲಿಯ ಹಾಗೆ ಕಾದಿದ್ದರೆ ಅಲ್ಲೇ ಇದೆ. ಘಾಟಿ ಇಳಿದ ಕೂಡಲೇ ಇದನ್ನು ಮಾಡಬೇಡಿ, ಆಗ ಎಲ್ಲವೂ ಸುಡುತ್ತಿರುತ್ತವೆ.

ಘಾಟಿಯನ್ನು ಬ್ರೇಕ್ ಮೇಲೇ ಇಳಿಸುವವರ ಪ್ಯಾಡ್ ಕಾದು ಕಾದು ಗಾಜಿನ ಹಾಗೆ ನುಣುಪಾಗುತ್ತದೆ. ಆಮೇಲೆ ಪ್ರತಿ ತಿರುವಿನಲ್ಲೂ ಕೀಚ್. ಹತ್ತಿದ ಗೇರಿನಲ್ಲೇ ಇಳಿಯಬೇಕು ಅನ್ನುವ ಹಳೇ ಡ್ರೈವರುಗಳ ಮಾತು ಪ್ಯಾಡಿಗೂ ಒಳ್ಳೆಯದು, ಜೀವಕ್ಕೂ ಒಳ್ಳೆಯದು. ಆಯಿಲ್ಲಿನದೂ ಇದೇ ಕಥೆ, ಘಾಟಿಯ ಕಾವಿಗೆ ಅದು ಕುದಿದರೆ ಪೆಡಲ್ ಮೆತ್ತಗಾಗಿ ಬ್ರೇಕ್ ಹಿಡಿಯುವುದಿಲ್ಲ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಹೊಸ ಡಾಟ್ 4 ಆಯಿಲ್ ಕುದಿಯಲು ಕಡಿಮೆ ಎಂದರೂ 230 ಡಿಗ್ರಿ ಬೇಕು. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ನಮ್ಮ ಹವೆಗೆ ಎರಡು ವರ್ಷಕ್ಕೊಮ್ಮೆ ಬದಲಾಯಿಸುವುದನ್ನು ತಪ್ಪಿಸಬಾರದು.

ಬೇರಿಂಗ್: ಬ್ರೇಕಿನ ಮುಖವಾಡ ಹಾಕಿ ಬರುವುದು

ಈಗ ನನ್ನ ಗಾಡಿಗೆ ಬರುತ್ತೇನೆ. ತೀರ್ಥಹಳ್ಳಿಯಲ್ಲಿ ಒಬ್ಬ ಹಳೇ ಮೇಸ್ತ್ರಿ ಇದ್ದಾರೆ. "ಎಂತೆಲ್ಲ ಬದಲಾಯ್ಸಿದ್ರಿ?" ಅಂತ ಕೇಳಿದರು. ಪಟ್ಟಿ ಹೇಳಿದೆ. "ಸರಿ ಮಾರಾಯ್ರೇ, ಯಾರಾದ್ರೂ ಕೈ ಇಟ್ಟು ನೋಡಿದ್ರಾ?" ಅಂದರು. ಯಾರೂ ನೋಡಿರಲಿಲ್ಲ.

ಬಲ ಮುಂದಿನ ಚಕ್ರ ಎತ್ತಿ ಸ್ಟ್ಯಾಂಡ್ ಕೊಟ್ಟರು. ಗೇರ್ ನ್ಯೂಟ್ರಲ್. ಎಡಗೈಯನ್ನು ಶಾಕ್ ಅಬ್ಸಾರ್ಬರಿನ ಸ್ಪ್ರಿಂಗಿನ ಮೇಲೆ ಇಟ್ಟು, ಬಲಗೈಯಿಂದ ಚಕ್ರವನ್ನು ಮೆಲ್ಲಗೆ ತಿರುಗಿಸಿದರು. ಕಣ್ಣು ಮುಚ್ಚಿದ್ದರು. "ಬನ್ನಿ, ನೀವೇ ಇಡಿ" ಅಂದರು. ಇಟ್ಟೆ. ಕಿವಿಗೆ ಏನೂ ಕೇಳುವುದಿಲ್ಲ, ಆದರೆ ಸ್ಪ್ರಿಂಗಿನಲ್ಲಿ ಸಣ್ಣ ನಡುಕ. ಬೀಸುಕಲ್ಲಿಗೆ ಕಾಳು ಹಾಕಿ ತಿರುವುವಾಗ ಹಿಡಿಗೆ ಬರುತ್ತದಲ್ಲ, ಅದೇ ಜಿರಿಜಿರಿ. ಆಮೇಲೆ ಎಡಗಡೆ ಚಕ್ರ ಎತ್ತಿ ಅದಕ್ಕೂ ಕೈ ಇಡಿಸಿದರು. ಅಲ್ಲಿ ಸ್ಪ್ರಿಂಗ್ ನಿಶ್ಶಬ್ದ. ಎರಡನ್ನೂ ಮುಟ್ಟಿದ ಮೇಲೆ ಯಾರೂ ಏನೂ ವಿವರಿಸಬೇಕಾಗಿಯೇ ಇರಲಿಲ್ಲ.

ಒಳಗೆ ಆಗಿದ್ದು ಇಷ್ಟು. ಬಸ್ಸು ಎಡಕ್ಕೆ ತಿರುಗಿದಾಗ ನಾವು ಬಲಕ್ಕೆ ವಾಲುತ್ತೇವೆ. ಕಾರಿನ ಭಾರವೂ ಹಾಗೇ ಬಲಗಡೆ ಚಕ್ರಗಳ ಮೇಲೆ ಬೀಳುತ್ತದೆ. ಬಲಗಡೆ ಬೇರಿಂಗಿನಲ್ಲಿ ಆಟ, ಅಂದರೆ ಸಡಿಲ, ಇದ್ದರೆ ಹಬ್ (ಚಕ್ರವನ್ನು ಬಿಗಿಯುವ ನಡುಭಾಗ) ಕೂದಲೆಳೆಯಷ್ಟು ಓರೆಯಾಗುತ್ತದೆ. ಡಿಸ್ಕ್ ಕೂತಿರುವುದು ಹಬ್ಬಿನ ಮೇಲೆ, ಅದೂ ಓರೆ. ಕ್ಯಾಲಿಪರ್ ಮಾತ್ರ ಅಲ್ಲೇ ಇರುತ್ತದೆ. ಹಾಗಾಗಿ ಡಿಸ್ಕ್ ಪ್ರತಿ ಸುತ್ತಿಗೊಮ್ಮೆ ಪ್ಯಾಡಿಗೆ ಸವರುತ್ತದೆ. ಬ್ರೇಕ್ ಹಗುರವಾಗಿ ಒತ್ತಿದರೆ ಎರಡು ಪ್ಯಾಡುಗಳೂ ಡಿಸ್ಕನ್ನು ಹಿಡಿದುಕೊಳ್ಳುತ್ತವೆ, ಸವರುವುದು ನಿಲ್ಲುತ್ತದೆ. ಸದ್ದು ಬ್ರೇಕಿನದೇ, ದೋಷ ಮಾತ್ರ ಬ್ರೇಕಿನದಲ್ಲ. ಹೊಸ ಪ್ಯಾಡ್, ಹೊಸ ಡಿಸ್ಕ್ ಹಾಕಿದರೂ ಅವು ಕೂರುವ ಜಾಗವೇ ಅಲ್ಲಾಡುತ್ತಿದ್ದರೆ ಏನು ಪ್ರಯೋಜನ?

ಎಲ್ಲ ಬೇರಿಂಗೂ ಹೀಗೆ ಸರ್ ಅನ್ನುವುದಿಲ್ಲ. ಹೆಚ್ಚಿನವು ಗುಂಯ್ ಅನ್ನುತ್ತವೆ. ವೇಗ ಏರಿದಂತೆ ಗುಂಯ್ ಏರುತ್ತದೆ. ಖಾಲಿ, ನೇರ, ಸಮ ರಸ್ತೆಯಲ್ಲಿ 50ರ ಆಸುಪಾಸು ಸ್ಟೀರಿಂಗನ್ನು ಮೆಲ್ಲಗೆ ಎಡಕ್ಕೆ, ಮೆಲ್ಲಗೆ ಬಲಕ್ಕೆ ಆಡಿಸಿ. ಎಡಕ್ಕೆ ಹೋದಾಗ ಗುಂಯ್ ಜಾಸ್ತಿ ಆದರೆ ಬಲಗಡೆ ಬೇರಿಂಗ್ ಮೇಲೆ ಅನುಮಾನ, ಬಲಕ್ಕೆ ಹೋದಾಗ ಜಾಸ್ತಿ ಆದರೆ ಎಡಗಡೆ. ಅನುಮಾನ ಅಂದೆ, ತೀರ್ಪು ಅಲ್ಲ. ಹಿಂದಿನ ಚಕ್ರದ ಬೇರಿಂಗೂ ಹೀಗೇ ಮಾಡುತ್ತದೆ. ತೀರ್ಪು ಸ್ಪ್ರಿಂಗಿನ ಮೇಲಿಟ್ಟ ಕೈಯದು.

ಸವೆದ ಟೈರೂ ಗುಂಯ್ ಅನ್ನುತ್ತದೆ. ಅದನ್ನು ಬೇರೆ ಮಾಡಿ ನೋಡಲು ಸುಲಭದ ದಾರಿ ಇದೆ. ಟೈರಿನ ಸದ್ದು ರಸ್ತೆ ಬದಲಾದಂತೆ ಬದಲಾಗುತ್ತದೆ. ಹೊಸ ಡಾಂಬರಿನಿಂದ ಕಾಂಕ್ರೀಟಿಗೆ ಹೋದರೆ ರಾಗ ಬೇರೆ. ಬೇರಿಂಗಿನದು ಎಲ್ಲಿ ಹೋದರೂ ಒಂದೇ ರಾಗ. ಆದರೂ ಗೊಂದಲ ಇದ್ದರೆ ಮುಂದಿನ ಟೈರು ಹಿಂದೆ, ಹಿಂದಿನದು ಮುಂದೆ ಹಾಕಿ. ಸದ್ದು ಜಾಗ ಬದಲಿಸಿದರೆ ಟೈರು.

ಎತ್ತಿದ ಚಕ್ರವನ್ನು ಹಿಡಿದು ಅಲ್ಲಾಡಿಸುವುದನ್ನೂ ಕಲಿತುಕೊಳ್ಳಿ. ಮೇಲೆ ಒಂದು ಕೈ, ಕೆಳಗೆ ಒಂದು ಕೈ ಇಟ್ಟು ಒಳಗೆ ಹೊರಗೆ ಆಡಿಸಿ. ಟಕ ಟಕ ಅಂದರೆ ಬೇರಿಂಗ್ ಅಥವಾ ಕೆಳಗಿನ ಬಾಲ್ ಜಾಯಿಂಟ್ (ಚಕ್ರದ ಭಾಗವನ್ನು ಕೆಳಗಿನ ತೋಳಿಗೆ ಸೇರಿಸುವ ಗುಂಡು ಕೀಲು). ಯಾವುದು ಅಂತ ತಿಳಿಯಲು ಒಬ್ಬರು ಬ್ರೇಕ್ ಒತ್ತಿ ಹಿಡಿಯಲಿ, ಮತ್ತೆ ಆಡಿಸಿ. ಬ್ರೇಕ್ ಒತ್ತಿದಾಗ ಆಟ ಹೋದರೆ ಬೇರಿಂಗ್, ಹೋಗದಿದ್ದರೆ ಬಾಲ್ ಜಾಯಿಂಟ್. ಎಡ ಬಲ ಹಿಡಿದು ಆಡಿಸಿದಾಗ ಮಾತ್ರ ಆಟ ಇದ್ದರೆ ಟೈ ರಾಡ್ ಎಂಡ್, ಅಂದರೆ ಸ್ಟೀರಿಂಗ್ ಸರಳು ಚಕ್ರಕ್ಕೆ ಸೇರುವ ಕೀಲು ನೋಡಿ.

ಬೇರಿಂಗ್ ಬದಲಾಯಿಸುವುದು ಮನೆ ಅಂಗಳದ ಕೆಲಸ ಅಲ್ಲ. ಬಹುತೇಕ ಸಣ್ಣ ಕಾರುಗಳಲ್ಲಿ ಪ್ರೆಸ್ ಮಷಿನ್ ಬೇಕು. ಸುತ್ತಿಗೆಯಿಂದ ಬಡಿದು ಕೂರಿಸಿದ ಬೇರಿಂಗ್ ಹೊಸದರಲ್ಲೇ ಗುಂಯ್ ಅನ್ನಲು ಶುರು ಮಾಡುತ್ತದೆ. ಎಬಿಎಸ್ (ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಎಷ್ಟೋ ಗಾಡಿಗಳಲ್ಲಿ ಬೇರಿಂಗಿನ ಒಂದು ಮುಖದಲ್ಲಿ ಆಯಸ್ಕಾಂತದ ಪಟ್ಟಿ ಇರುತ್ತದೆ. ಅದನ್ನು ತಿರುಗಾಮುರುಗಾ ಹಾಕಿದರೆ ಮೀಟರಿನಲ್ಲಿ ಎಬಿಎಸ್ ದೀಪ ಹತ್ತುತ್ತದೆ. ಆಕ್ಸಲ್ ತುದಿಯ ದೊಡ್ಡ ನಟ್ ಹೊಸದು ಹಾಕಿಸಿ, ಕಂಪನಿ ಹೇಳಿದ ಬಿಗಿತಕ್ಕೆ ಟಾರ್ಕ್ ಸ್ಪ್ಯಾನರಿನಲ್ಲೇ ಬಿಗಿಸಿ ಅಂತ ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ.

ಟಕ್ ಟಕ್ ಟಕ್: ಆಕ್ಸಲ್

ಪೂರ್ತಿ ತಿರುಗಿಸಿ, ಆಕ್ಸಿಲರೇಟರ್ ಕೊಟ್ಟಾಗ, ಲೆಕ್ಕ ಹಾಕಬಹುದಾದಷ್ಟು ಸ್ಪಷ್ಟವಾಗಿ ಟಕ್ ಟಕ್ ಟಕ್ ಅಂದರೆ ಚಕ್ರದ ಕಡೆಯ ಸಿವಿ ಜಾಯಿಂಟ್, ಅಂದರೆ ಚಕ್ರ ತಿರುವಿದಾಗಲೂ ಶಕ್ತಿ ದಾಟಿಸುವ ಆಕ್ಸಲ್ ತುದಿಯ ಕೀಲು. ಮನೆ ಮುಂದಿನ ಏರಿನಲ್ಲಿ ಗಾಡಿ ತಿರುಗಿಸಿ ಹತ್ತಿಸುವಾಗ ಇದು ಮೊದಲು ಗೊತ್ತಾಗುತ್ತದೆ. ಯಾವ ಕಡೆಯದು ಅಂತ ಕಿವಿಯಿಂದ ತೀರ್ಮಾನಿಸಬೇಡಿ. ಎರಡೂ ಕಡೆ ಜಾಯಿಂಟಿನ ಮೇಲಿರುವ ಮಡಿಕೆ ಮಡಿಕೆ ರಬ್ಬರ್ ಬೂಟ್ ನೋಡಿ. ಹರಿದ ಬೂಟಿನ ಗ್ರೀಸ್ ರಿಮ್ಮಿನ ಒಳಮೈಗೆಲ್ಲ ಕಪ್ಪಗೆ ಚಿಮ್ಮಿರುತ್ತದೆ.

ಬೂಟ್ ಹರಿದಿದೆ, ಸದ್ದು ಇನ್ನೂ ಇಲ್ಲ ಅಂದರೆ ನಿಮಗೆ ಅದೃಷ್ಟ ಇದೆ. ಬೂಟ್ ಮತ್ತು ಗ್ರೀಸ್ ಬದಲಾಯಿಸಿದರೆ ಜಾಯಿಂಟ್ ಉಳಿಯುತ್ತದೆ. ಕೆಸರು ನೀರು ಒಳಗೆ ಹೋಗಿ ಟಕ್ ಟಕ್ ಶುರುವಾದ ಮೇಲೆ ಹೊಸ ಬೂಟ್ ಹಾಕಿ ಪ್ರಯೋಜನ ಇಲ್ಲ. ಮಳೆಗಾಲಕ್ಕೆ ಮೊದಲು, ಮೇ ತಿಂಗಳಲ್ಲಿ, ಬೂಟನ್ನು ಬೆರಳಿನಿಂದ ಬಿಡಿಸಿ ಮಡಿಕೆಗಳ ಸಂದಿಯಲ್ಲಿ ಬಿರುಕು ಇದೆಯಾ ನೋಡಿಬಿಡಿ. ಬಿರುಕು ಶುರುವಾಗುವುದು ಸಂದಿಯಲ್ಲೇ, ಮೇಲಿಂದ ನೋಡಿದರೆ ಕಾಣುವುದಿಲ್ಲ.

ಉಳಿದವು

ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದಾಗ ಟಂಗ್ ಅಂತ ಸ್ಪ್ರಿಂಗ್ ಜಿಗಿದ ಸದ್ದು ಬಂದರೆ ಶಾಕ್ ಅಬ್ಸಾರ್ಬರಿನ ಮೇಲಿನ ಮೌಂಟ್ ಹಿಡಿದುಕೊಂಡಿದೆ. ಒಬ್ಬರು ಸ್ಟೀರಿಂಗ್ ತಿರುಗಿಸಲಿ, ನೀವು ಸ್ಪ್ರಿಂಗಿಗೆ ಹೊರಗಿನಿಂದ ಕೈ ತಾಗಿಸಿ. ಸ್ಪ್ರಿಂಗ್ ಒಂದೇ ಸಮ ತಿರುಗಬೇಕು. ತಡೆದು ತಡೆದು ಜಿಗಿದರೆ ಮೌಂಟ್. ಬೆರಳನ್ನು ಸುರುಳಿಯ ಸಂದಿಗೆ ಹಾಕಬೇಡಿ.

ಗುಂಡಿ ಬಿದ್ದ ರಸ್ತೆಯ ತಿರುವಿನಲ್ಲಿ ಕಟ ಕಟ ಅಂದರೆ ಸಸ್ಪೆನ್ಷನ್ನಿನ ಲಿಂಕ್ ರಾಡ್ (ಸಣ್ಣ ಜೋಡಣೆ ಸರಳು) ಅಥವಾ ಬುಷ್ (ಕೀಲಿನ ರಬ್ಬರ್). ಹೆಚ್ಚು ಖರ್ಚಿನದ್ದಲ್ಲ. ಪೂರ್ತಿ ತಿರುಗಿಸಿದಾಗ ಮಾತ್ರ ಊಂ ಅಂತ ಎಳೆದರೆ, ಆಯಿಲ್ ಇರುವ ಪವರ್ ಸ್ಟೀರಿಂಗ್ ಆಗಿದ್ದರೆ ಆಯಿಲ್ ಮಟ್ಟ ನೋಡಿ. ಪೂರ್ತಿ ತಿರುಗಿಸಿ ಹಾಗೇ ಹಿಡಿದಿಡಬೇಡಿ, ಪಂಪಿಗೆ ಕಷ್ಟ.

ಜೀಪಿನವರಿಗೆ. ತೋಟದ ಕೆಸರು ಹತ್ತಿಸಲು ಫೋರ್ ವೀಲ್ ಹಾಕಿ, ಡಾಂಬರು ರಸ್ತೆಗೆ ಬಂದ ಮೇಲೆ ತೆಗೆಯಲು ಮರೆತರೆ ತಿರುವಿನಲ್ಲಿ ಗಾಡಿ ಮುಗ್ಗರಿಸಿದ ಹಾಗಾಗಿ ಕಟಕ್ ಕಟಕ್ ಅನ್ನುತ್ತದೆ, ಸ್ಟೀರಿಂಗ್ ಭಾರ ಆಗುತ್ತದೆ. ತಿರುವಿನಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಹೆಚ್ಚು ದೂರ ಹೋಗಬೇಕು. ಎರಡನ್ನೂ ಒಟ್ಟಿಗೆ ಕಟ್ಟಿಹಾಕಿದ್ದೀರಿ. ಕೆಸರಿನಲ್ಲಿ ಚಕ್ರ ಜಾರಿ ಸರಿಮಾಡಿಕೊಳ್ಳುತ್ತದೆ, ಡಾಂಬರಿನಲ್ಲಿ ಆಗುವುದಿಲ್ಲ. ಟೂ ವೀಲ್‌ಗೆ ಹಾಕಿ ನೋಡಿ, ಸದ್ದು ಹೋದರೆ ದೋಷವೇ ಇಲ್ಲ. ಇನ್ನು ಓಮ್ನಿ, ಫೋರ್ ವೀಲ್ ಇಲ್ಲದ ಬೊಲೆರೊಗಳಲ್ಲಿ ಶಕ್ತಿ ಹೋಗುವುದು ಹಿಂದಿನ ಚಕ್ರಕ್ಕೆ. ಮುಂದೆ ಸಿವಿ ಜಾಯಿಂಟೇ ಇರುವುದಿಲ್ಲ. ಮುಂದಿನಿಂದ ಟಕ್ ಟಕ್ ಬಂದರೆ ನಟ್, ಬೇರಿಂಗ್, ಬಾಲ್ ಜಾಯಿಂಟ್ ಕಡೆ ಹೋಗಿ.

ರಿಪೇರಿ ಆದ ಮೇಲೆ

ಮೊದಲು ಸದ್ದು ಬಂದ ಅದೇ ರಸ್ತೆ, ಅದೇ ವೇಗ, ಅದೇ ತಿರುವಿನಲ್ಲಿ ಓಡಿಸಿ ನೋಡಿ. ಗ್ಯಾರೇಜ್ ಮುಂದೆ ಒಂದು ಸುತ್ತು ಹಾಕಿ ಸರಿಹೋಯಿತು ಅನ್ನಬೇಡಿ. ಪ್ಯಾಡ್ ಬಿಚ್ಚಿದ್ದರೆ ಗಾಡಿ ಹೊರಡಿಸುವ ಮೊದಲೇ ಪೆಡಲನ್ನು ಹಲವು ಸಲ ಒತ್ತಿ, ಗಟ್ಟಿಯಾದ ಮೇಲೆ ಹೊರಡಿ. ಮೊದಲ ಒತ್ತಿಗೆ ಪೆಡಲ್ ತಳ ಮುಟ್ಟಬಹುದು. ಚಕ್ರ ಬಿಚ್ಚಿದ್ದರೆ ನೂರು ಕಿಲೋಮೀಟರ್ ಒಳಗೆ ನಟ್ ಇನ್ನೊಮ್ಮೆ ನೋಡಿ.

ತೆಗೆದ ಹಳೇ ಪಾರ್ಟ್ ಕೇಳಿ ತಗೊಳ್ಳಿ. ನಾನು ಬೇರಿಂಗ್ ಮನೆಗೆ ತಂದು ಸೀಮೆಎಣ್ಣೆಯಲ್ಲಿ ತೊಳೆದೆ. ಗ್ರೀಸ್ ಹೋದ ಮೇಲೆ ಗುಂಡುಗಳು ಓಡುವ ಹಾದಿ ಕಾಣಿಸಿತು. ಕನ್ನಡಿಯಂತೆ ಇರಬೇಕಾದ ಜಾಗದಲ್ಲಿ ಒಂದು ಕಡೆ ಅಕ್ಕಿಕಾಳಿನಷ್ಟು ಉದ್ದ ಚಕ್ಕೆ ಎದ್ದಿತ್ತು, ಅದರ ಸುತ್ತ ಕಂದು ಕಲೆ. ಉಗುರು ಆಡಿಸಿದರೆ ಸಿಕ್ಕಿಕೊಳ್ಳುತ್ತಿತ್ತು. ನಿಮ್ಮ ಕೈಗೆ ಬಂದ ಹಳೇ ಬೇರಿಂಗಿನ ಹಾದಿಯಲ್ಲಿ ಇಂಥ ಯಾವ ಗುರುತೂ ಇಲ್ಲದೆ ನುಣುಪಾಗಿದ್ದರೆ ಗಾಡಿಯನ್ನು ಮತ್ತೆ ಮೈದಾನಕ್ಕೆ ತಗೊಂಡು ಹೋಗಿ, ಚೀಟಿ ತೆಗೆದು ಮೊದಲ ಸುತ್ತಿನಿಂದ ಶುರು ಮಾಡಿ.